ಕನ್ನಡಿಯೂ ಆಟದ ಬಯಲೂ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಸಭೆಯಲ್ಲಿ ಮಾತನಾಡಲು ಎದ್ದವರು ಕದಂಬರಿಂದ ಆರಂಭಿಸಿ ಏಕೀಕರಣದಲ್ಲಿ ಮುಗಿಸುವುದು ವಾಡಿಕೆ. ಆ ದೊಡ್ಡ ದಾರಿಯನ್ನು ಬಲ್ಲವರಿಗೆ ಬಿಟ್ಟು, ನಾವು ಮನೆಯ ಮಕ್ಕಳ ಮೈಯ ಮಾತನ್ನು ಎತ್ತಿಕೊಂಡಿದ್ದೇವೆ. ಇದನ್ನು ಕುರಿತು ಮಾತನಾಡಲು ನಿಮಗೇನು ಅಧಿಕಾರವೆಂದು ತಾವು ಕೇಳಿದರೆ, ಹೇಳಿಕೊಳ್ಳುವಂಥದು ಏನೂ ಇಲ್ಲ. ನಾವು ವೈದ್ಯರಲ್ಲ, ಮನಶ್ಶಾಸ್ತ್ರ ಬಲ್ಲವರಲ್ಲ; ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ಗುಮಾಸ್ತೆ. ವ್ಯಾಯಾಮದ ವಿಷಯದಲ್ಲಂತೂ ನಮ್ಮ ಹೊಟ್ಟೆಯೇ ನಮಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಆದರೂ ಮಾತನಾಡಬೇಕಾದ ಒಂದು ಸಂದರ್ಭ ಒದಗಿತು. ನಮ್ಮ ತಪ್ಪಿನಿಂದಲೇ ಒದಗಿತು.

ಪೀತಮ್‌ಪುರದಲ್ಲಿ ನಾವಿರುವ ಮನೆಯ ಮೇಲಿನ ಮಹಡಿಯಲ್ಲೇ ನಮ್ಮ ಅಕ್ಕ ಭಾವ ಇದ್ದಾರೆ. ಭಾವನವರ ಕೆಲಸ ಗುರುಗ್ರಾಮದಲ್ಲಿ; ಬೆಳಗ್ಗೆ ಏಳಕ್ಕೆ ಹೊರಟರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಅಕ್ಕನೂ ಕೆಲಸಕ್ಕೆ ಹೋಗುವವಳು. ಹೀಗಾಗಿ ಅವರ ಮಗಳ ಶಾಲೆಯ ಡೈರಿಗೆ ರುಜು ಹಾಕುವ ಹೊಣೆ ನಮ್ಮ ಪಾಲಿಗೆ ಬಂದಿದೆ. ಆಗ ಹುಡುಗಿ ಒಂಬತ್ತನೆಯ ತರಗತಿ, ಹದಿನಾಲ್ಕು ವರ್ಷ. ಕಳೆದ ಫೆಬ್ರವರಿಯಲ್ಲಿ ಒಂದು ದಿನ ಶಾಲೆಯಿಂದ ನಮಗೆ ದೂರವಾಣಿ ಬಂತು. 'ಮಗುವಿಗೆ ಏನಾದರೂ ಚಿಕಿತ್ಸೆ ನಡೆಯುತ್ತಿದೆಯೆ? ಆಟದ ಪೀರಿಯಡ್ ಬಂದಾಗಲೆಲ್ಲ ಹೊಟ್ಟೆನೋವೆಂದು ಚೀಟಿ ತರುತ್ತಾಳೆ. ಈವರೆಗೆ ಏಳು ಚೀಟಿಗಳಾದವು' ಎಂದು ಅಧ್ಯಾಪಕಿ ಕೇಳಿದರು. ಏಳಕ್ಕೂ ನಮ್ಮದೇ ರುಜು. ಗಿರಾಕಿಯ ರುಜುವಿನಲ್ಲಿ ಒಂದು ಬಾಲ ಕಡಮೆಯಾದರೂ ಚೆಕ್ಕನ್ನು ಹಿಂದಕ್ಕೆ ಕೊಡುವ ನಾವು, ಬೆಳಗಿನ ಕಾಫಿಯ ಗಡಿಬಿಡಿಯಲ್ಲಿ ಏಳು ಕಾಗದಗಳಿಗೆ ಓದದೆ ರುಜು ಮಾಡಿಕೊಟ್ಟಿದ್ದೆವು. ಪ್ರತಿ ಗುರುವಾರ ಬಂದು ಶುಕ್ರವಾರ ಮಾಯವಾಗುವ ಹೊಟ್ಟೆನೋವನ್ನು ಯಾವ ಗುಮಾಸ್ತೆಯಾದರೂ ಗುರುತಿಸಬೇಕಾಗಿತ್ತು!

ನಾವು ಕೇಳಿದರೆ ಅವಳು ಬಾಯಿ ಬಿಡಲಿಲ್ಲ. ಅಕ್ಕ ಕೇಳಿದಳು, ಗದರಿಸಿದಳು, ಅದೂ ಸಾಗಲಿಲ್ಲ. ಆ ಹೊತ್ತಿಗೆ ನಮ್ಮ ತಾಯಿ ಅರಸೀಕೆರೆಯಿಂದ ಬಂದಿದ್ದರು. ಒಂದು ರಾತ್ರಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕುಳಿತಾಗ ಅವರಿಗೆ ಸಂಗತಿಯೆಲ್ಲ ತಿಳಿಯಿತು. ಓಟದ ಅಭ್ಯಾಸ ನಡೆಯುತ್ತಿದ್ದಾಗ ಮೆಟ್ಟಿಲ ಮೇಲೆ ಕುಳಿತ ನಾಲ್ಕು ಮಂದಿ ಹುಡುಗರು ಅವಳ ಬಣ್ಣವನ್ನು ಕುರಿತು ಒಂದು ಮಾತು, ಓಡುವಾಗ ಅವಳ ಮೈ ಹೇಗೆ ಕಾಣುತ್ತದೆಂಬುದನ್ನು ಕುರಿತು ಇನ್ನೊಂದು ಮಾತು ಆಡಿದ್ದರು. ಅದೇ ವಾರ ಮನೆಯಲ್ಲಿ ಅಕ್ಕ, 'ಬಿಸಿಲಲ್ಲಿ ಕುಣಿದು ಕುಣಿದು ಎಷ್ಟು ಕಪ್ಪಾಗಿದೀಯ ನೋಡ್ಕೊ, ಮುಂದಿನ ತಿಂಗಳು ಮದುವೆಗೆ ಬೇರೆ ಹೋಗ್ಬೇಕು' ಎಂದಿದ್ದಳು. ಸಾಯಂಕಾಲ ನಾವು ಬ್ಯಾಂಕಿನಿಂದ ಬಂದವರು, ಎಂದಿನ ಸಲಿಗೆಯಲ್ಲಿ, 'ಬಾರೇ ಡುಮ್ಮಿ, ಒಂದ್ ಲೋಟ ನೀರು ಕೊಡು' ಎಂದಿದ್ದೆವು. ಹುಡುಗಿ ಅಜ್ಜಿಯನ್ನು ಕೇಳಿದ್ದಿಷ್ಟು: 'ಆ ಹುಡುಗರು ಹೇಳಿದ್ದು ಸುಳ್ಳಾಗಿದ್ರೆ ಅಮ್ಮ, ಮಾವ ಯಾಕೆ ಅದನ್ನೇ ಹೇಳ್ತಾರಜ್ಜಿ?'

ಈ ಪ್ರಶ್ನೆಗೆ ಉತ್ತರ ನಮಗೆ ಇಂದಿಗೂ ಹೊಳೆದಿಲ್ಲ. ಆದರೆ ಅದರ ಕಾಟ ತಾಳಲಾರದೆ ನಾವು ಈ ವಿಷಯದ ಮೇಲೆ ಬರೆದದ್ದನ್ನೆಲ್ಲ ಕೈಗೆ ಸಿಕ್ಕಷ್ಟು ಓದಿದೆವು. ಅದರ ಸಾರವನ್ನು ತಮ್ಮ ಮುಂದಿಡುತ್ತೇವೆ.

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಉಸಿರು ಏರುವಂತೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 146 ದೇಶಗಳ ಶಾಲಾ ಮಕ್ಕಳ ಲೆಕ್ಕವನ್ನು ಕೂಡಿಸಿ ಅದು 2019ರಲ್ಲಿ ಪ್ರಕಟಿಸಿದ ವರದಿಯಂತೆ, 2016ರಲ್ಲಿ ಹನ್ನೊಂದರಿಂದ ಹದಿನೇಳು ವರ್ಷದೊಳಗಿನವರಲ್ಲಿ ನೂರಕ್ಕೆ 81 ಮಂದಿ ಈ ಅಳತೆಯನ್ನು ಮುಟ್ಟಿರಲಿಲ್ಲ. ಹುಡುಗಿಯರಲ್ಲಿ 85, ಹುಡುಗರಲ್ಲಿ 78. ನಮ್ಮ ದೇಶದಲ್ಲಿ ಮುಟ್ಟದವರು ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕು. ಇತರರಿಗಿಂತ ನಾವು ವಾಸಿಯೆಂದು ಬೀಗುವ ಮುಂಚೆ ಕಾರಣವನ್ನೂ ಕೇಳಬೇಕು: ಭಾರತದ ಹುಡುಗರು ಕ್ರಿಕೆಟ್ ಆಡುತ್ತಾರೆ, ಹುಡುಗಿಯರು ಮನೆಗೆಲಸ ಮಾಡುತ್ತಾರೆ, ಅದರಿಂದಿರಬಹುದು ಎಂದು ಆ ವರದಿ ಬರೆದವರು ಊಹಿಸಿದ್ದಾರೆ. ಹಾಗಾದರೆ ನಮ್ಮ ಹೆಣ್ಣುಮಕ್ಕಳ ಕ್ರೀಡಾಂಗಣ ಅಡಿಗೆಮನೆ ಎಂದಾಯಿತು.

ಮಕ್ಕಳು ಏತಕ್ಕೆ ಆಡುವುದಿಲ್ಲ? ಮೊಬೈಲು, ಟ್ಯೂಷನ್ನು, ಬೀದಿಯ ತುಂಬ ಕಾರು, ಪಾರ್ಕಿನಲ್ಲಿ 'ಚೆಂಡಾಟ ನಿಷೇಧ' ಎಂಬ ಬೋರ್ಡು, ಇವೆಲ್ಲ ನಿಜವೇ. ಆದರೆ ಇವೆಲ್ಲದರ ಕೆಳಗೆ ಇನ್ನೊಂದು ಅಡಗಿದೆ. ಅದು ಮಗು ತನ್ನ ಮೈಯನ್ನು ಕುರಿತು ತಾನೇ ಇಟ್ಟುಕೊಂಡ ಎಣಿಕೆ. 1989ರಲ್ಲಿ ಕೆನೆತ್ ಫಾಕ್ಸ್, ಚಾರ್ಲ್ಸ್ ಕಾರ್ಬಿನ್ ಎಂಬ ಇಬ್ಬರು ವಿದ್ವಾಂಸರು ಈ ಎಣಿಕೆಯನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಅದನ್ನು ಅವರು ನಾಲ್ಕು ಪಾಲು ಮಾಡಿದರು: ಆಟದಲ್ಲಿ ನನ್ನ ಕೈಕಾಲು ಎಷ್ಟು ಓಡುತ್ತದೆ, ನನಗೆ ದಮ್ಮು ಎಷ್ಟಿದೆ, ಬಲ ಎಷ್ಟಿದೆ, ನೋಡಲು ನಾನು ಹೇಗಿದ್ದೇನೆ. ಈ ನಾಲ್ಕೂ ಬೇರೆ ಬೇರೆ ಎಂಬುದೇ ನಮಗೆ ಹೊಸ ಸಂಗತಿಯಾಗಿತ್ತು. ಮುಂದೆ 2014ರಲ್ಲಿ ಆಸ್ಟ್ರೇಲಿಯದ ಬಾಬಿಕ್ ಮತ್ತು ಸಂಗಡಿಗರು ಎಳೆಯರನ್ನು ಕುರಿತ ಹತ್ತಾರು ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದರು. ಮಗುವಿನ ಚಟುವಟಿಕೆಗೂ 'ನನಗೆ ಆಡಲು ಬರುತ್ತದೆ' ಎಂಬ ನಂಬಿಕೆಗೂ ಇರುವ ನಂಟೇ ಎಲ್ಲಕ್ಕಿಂತ ಗಟ್ಟಿಯಾಗಿತ್ತು. 'ನಾನು ನೋಡಲು ಚೆನ್ನಾಗಿದ್ದೇನೆ' ಎಂಬುದಕ್ಕೂ ಚಟುವಟಿಕೆಗೂ ಇದ್ದ ನಂಟು ಬಲು ತೆಳು.

ಈ ನಂಟು ಎರಡು ಕಡೆಗೂ ಎಳೆಯುತ್ತದೆ. ಬರುವುದಿಲ್ಲವೆಂದುಕೊಂಡ ಮಗು ಆಡುವುದಿಲ್ಲ. ಆಡದೆ ಇದ್ದರೆ ನಿಜವಾಗಿಯೂ ಬರುವುದಿಲ್ಲ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ ಇದು ಪಾಸ್‌ಬುಕ್ಕಿನ ಸಂಗತಿ. ಖಾತೆಯಲ್ಲಿ ಪಿಂಚಣಿ ಜಮೆಯಾಗಿದ್ದರೂ ಪುಸ್ತಕದಲ್ಲಿ ಅಚ್ಚಾಗುವವರೆಗೆ ನಮ್ಮ ಹಿರಿಯ ಗಿರಾಕಿಗಳು ಒಂದು ಕಾಸನ್ನೂ ತೆಗೆಯುವುದಿಲ್ಲ. ಹುಡುಗಿಯ ಕಾಲಲ್ಲಿ ಬಲವಿತ್ತು; ಅವಳ ಪುಸ್ತಕದಲ್ಲಿ ಮಾತ್ರ ನಾಲ್ಕು ಹುಡುಗರೂ ಒಬ್ಬ ಸೋದರಮಾವನೂ ಸೇರಿ ಬೇರೆ ಲೆಕ್ಕ ಬರೆದಿಟ್ಟಿದ್ದರು.

ಇನ್ನು ವಯಸ್ಸಿನ ಮಾತು. ಹತ್ತು ಹನ್ನೆರಡರಿಂದ ಆಚೆಗೆ ಹುಡುಗಿಯರ ಮೈ ತುಂಬಿಕೊಳ್ಳುವುದು, ಸೊಂಟ ಅಗಲವಾಗುವುದು ಪ್ರಕೃತಿಯ ಕೆಲಸ, ರೋಗವಲ್ಲ, ಸೋಮಾರಿತನವಲ್ಲ. ಆಗ ನೆನ್ನೆಯವರೆಗೆ ಓಡಿದ ಮೈಯೇ ಇವತ್ತು ಅಪರಿಚಿತವಾಗುತ್ತದೆ. ಮುಟ್ಟಿನ ದಿನಗಳ ಭಯ, ಮೈಗೆ ಅಂಟುವ ಸಮವಸ್ತ್ರ, ನೋಡುವ ಕಣ್ಣುಗಳು, ಇವೆಲ್ಲ ಒಟ್ಟಿಗೆ ಬಂದಾಗ ಹೊಟ್ಟೆನೋವಿಗಿಂತ ಸುಲಭವಾದ ಆಸರೆ ಯಾವುದಿದೆ? ಒಳ್ಳೆಯ ಒಳಉಡುಪು, ಸಡಿಲವಾದ ಟೀ ಷರ್ಟು, ಇಷ್ಟನ್ನು ತಾಯಂದಿರು ಒದಗಿಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆಂದು ನಮ್ಮ ಮನೆಯವರು ಹೇಳುತ್ತಾರೆ. ಇದನ್ನು ಸಭೆಯಲ್ಲಿ ಹೇಳಬಾರದೆಂದು ಕೆಲವರಿಗೆ ತೋರಬಹುದು. ಸಭೆಯಲ್ಲಿ ಹೇಳದೆ ಇದ್ದುದರಿಂದಲೇ ನಮಗೆ ಏಳು ಚೀಟಿಗಳಾದವು.

ಬಣ್ಣದ ವಿಷಯಕ್ಕೆ ಬರೋಣ. ದೆಹಲಿಯಲ್ಲಿ ನಮ್ಮ ಮಕ್ಕಳಿಗೆ ಇದು ಇಮ್ಮಡಿ ಹೊರೆ. ಊರಲ್ಲಿದ್ದರೆ ಹತ್ತರಲ್ಲಿ ಎಂಟು ಮಂದಿ ಇವರದೇ ಬಣ್ಣದವರು; ಇಲ್ಲಿ ತರಗತಿಯ ಬೆಂಚಿನಲ್ಲಿ ಇವರೊಬ್ಬರೇ ಬೇರೆ. 'ಮದ್ರಾಸಿ' ಎಂಬ ಒಂದೇ ಪದದಲ್ಲಿ ನಮ್ಮ ಭಾಷೆ, ಊಟ, ಮೈಬಣ್ಣ ಎಲ್ಲವನ್ನೂ ಕಟ್ಟಿಬಿಡುತ್ತಾರೆ. ಅವರನ್ನು ಬೈದು ಕೈತೊಳೆದುಕೊಳ್ಳಬಹುದಾಗಿತ್ತು; ಆದರೆ ನಮ್ಮ ಕನ್ನಡದ ಮಾತುಗಳನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿ. 'ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ' ಎನ್ನುತ್ತೇವೆ. ಹೊಗಳಿಕೆಯೆಂದೇ ಹೇಳುತ್ತೇವೆ. ಆ 'ಆದರೂ' ಎಂಬ ಮೂರಕ್ಷರ ಮಾಡುವ ಕೆಲಸವನ್ನು ಯಾವ ಪರಭಾಷೆಯ ಬೈಗುಳವೂ ಮಾಡಲಾರದು. ಊರಿನಿಂದ ನೆಂಟರು ಬಂದರೆ ಚಪ್ಪಲಿ ಬಿಡುವ ಮುಂಚೆಯೇ, 'ಏನಮ್ಮ, ಇಷ್ಟು ಊದ್ಕೊಂಡಿದೀಯ', ಇಲ್ಲವೆ 'ಏನಿಷ್ಟು ಸೊರಗಿ ಹೋಗಿದೀಯ'. ಮಗು ಯಾವ ಅಳತೆಗೂ ಸರಿಹೊಂದಿದ ದಿನವೇ ಇಲ್ಲ. 1975ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಎಂಬ ಮುಲಾಮಿನ ಹೆಸರಿನಿಂದ 2020ರಲ್ಲಿ 'ಫೇರ್' ಎಂಬುದನ್ನು ಕಂಪೆನಿಯವರೇ ತೆಗೆದುಹಾಕಿದರು. ನಮ್ಮ ನಾಲಗೆ ಇನ್ನೂ ತೆಗೆದಿಲ್ಲ.

ಇದರಲ್ಲಿ ಆರೋಗ್ಯದ ಒಂದು ಎಳೆಯೂ ಸೇರಿದೆ. ಬಿಸಿಲಿಗೆ ಹೋದರೆ ಕಪ್ಪಾಗುತ್ತೀಯೆಂದು ಮಕ್ಕಳನ್ನು ಒಳಗಿಡುತ್ತೇವೆ. ಮೈಯಲ್ಲಿ ಡಿ ಜೀವಸತ್ವ ಹುಟ್ಟುವುದು ಬಿಸಿಲಿನಿಂದ. ದೆಹಲಿಯ ಶಾಲಾ ಮಕ್ಕಳಲ್ಲಿ ಅದರ ಕೊರತೆ ವ್ಯಾಪಕವಾಗಿರುವುದನ್ನು ವೈದ್ಯರು ಹಲವು ಸಲ ಕಂಡಿದ್ದಾರೆ. ಬಣ್ಣ ಕಪ್ಪಾದಷ್ಟೂ ಅಷ್ಟೇ ಜೀವಸತ್ವಕ್ಕೆ ಹೆಚ್ಚು ಬಿಸಿಲು ಬೇಕು. ಅಂದರೆ ಯಾರಿಗೆ ಬಿಸಿಲು ಹೆಚ್ಚಾಗಿ ಬೇಕೋ ಅವರನ್ನೇ ನಾವು ಹೆಚ್ಚಾಗಿ ನೆರಳಲ್ಲಿ ಕೂಡಿಹಾಕುತ್ತೇವೆ. ಜೀವಮಾನಕ್ಕೆಲ್ಲ ಬೇಕಾಗುವ ಮೂಳೆಯ ಬಹುಪಾಲು ಕೂಡುವುದೂ ಇಪ್ಪತ್ತರೊಳಗೇ.

ಇದನ್ನೆಲ್ಲ ಅಕ್ಕನ ಮುಂದೆ ಹೇಳಿದೆವು. ಅವಳು ಸುಮ್ಮನೆ ಕೇಳಿ, 'ಎಲ್ಲಾ ಸರಿ ಕಣಯ್ಯ, ನಾಳೆ ಹುಡುಗನ ಕಡೆಯೋರು ನೋಡೋಕೆ ಬಂದಾಗ ನಿನ್ನ ಶಾಸ್ತ್ರ ಬರುತ್ತಾ?' ಎಂದಳು. ತಾಯಿಯ ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವಳನ್ನೂ ಹಾಗೆಯೇ ನೋಡಿದ್ದರು. ಎರಡು ಕಡೆಯವರು ಬಣ್ಣದ ಮಾತೆತ್ತಿ ಹಿಂದಿರುಗಿದ್ದನ್ನು ನಾವೂ ಕಂಡವರು. ಆ ಗಾಯದಿಂದಲೇ ಅವಳು ಮಾತನಾಡುತ್ತಾಳೆ. ಈ ವಾದ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಗಂಡುಮಕ್ಕಳಿಗೆ ಈ ಕಾಟವಿಲ್ಲವೆಂದು ತಿಳಿಯಬೇಡಿ. ಹದಿನೈದು ವರ್ಷದ ಬಡಕಲು ಹುಡುಗನಿಗೆ 'ಕಡ್ಡಿ ಪೈಲ್ವಾನ್' ಎಂಬ ಬಿರುದು ಕೊಡುತ್ತೇವೆ. ಒಬ್ಬ ಮನೆ ಬಿಟ್ಟು ಹೊರಡುವುದಿಲ್ಲ. ಇನ್ನೊಬ್ಬ ಮಾರುಕಟ್ಟೆಯ ಜಿಮ್ಮಿಗೆ ಸೇರಿ, ದೊಡ್ಡ ಡಬ್ಬಿಯ ಪುಡಿಯನ್ನು ಕಲಸಿ ಕುಡಿದು, ಪ್ರತಿ ರಾತ್ರಿ ತೋಳಿನ ಛಾಯಾಚಿತ್ರ ತೆಗೆದುಕೊಂಡು ಕೊರಗುತ್ತಾನೆ. ಇವನು ಮೈ ದಣಿಸುತ್ತಾನೆ, ನಿಜ. ಆದರೆ ಕನ್ನಡಿ ಒಪ್ಪುವವರೆಗೆ ಮಾತ್ರ. ಕನ್ನಡಿ ಯಾವತ್ತೂ ಒಪ್ಪುವುದಿಲ್ಲವಾದ್ದರಿಂದ ಮೂರು ತಿಂಗಳಲ್ಲಿ ಬಿಟ್ಟುಬಿಡುತ್ತಾನೆ.

ಇಲ್ಲಿ ನಮಗೆ ಕೆ. ವಿ. ಅಯ್ಯರ್ ಅವರ ನೆನಪಾಗುತ್ತದೆ. 'ಶಾಂತಲಾ' ಕಾದಂಬರಿಯನ್ನು ಬರೆದವರೆಂದು ಹಿರಿಯರೆಲ್ಲರೂ ಬಲ್ಲರು. ಅವರ ನಿಜವಾದ ಕಸುಬು ವ್ಯಾಯಾಮವೆಂಬುದನ್ನು ನಮ್ಮ ಮಕ್ಕಳು ಕೇಳಿರಲಾರರು. ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಬೆಂಗಳೂರಿನಲ್ಲಿ ಅವರು ವ್ಯಾಯಾಮಶಾಲೆ ನಡೆಸಿದರು, ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಕೂಡಿಸಿ ಕಲಿಸಿದರು, ದೂರದವರಿಗೆ ಅಂಚೆಯ ಮೂಲಕ ಪಾಠ ಹೇಳಿದರು. ತಮ್ಮ ಮೈಕಟ್ಟಿನ ಛಾಯಾಚಿತ್ರಗಳನ್ನು ಪುಸ್ತಕದಲ್ಲಿ ಹಾಕಿಸಲು ಅವರೂ ಹಿಂಜರಿದವರಲ್ಲ. ಆ ಹೆಮ್ಮೆ ಅವರಲ್ಲಿತ್ತು. ಆದರೆ ಅದೇ ಕೈ 'ರೂಪದರ್ಶಿ'ಯನ್ನೂ ಬರೆಯಿತು. ಬಾಲ ಯೇಸುವಿನ ಚಿತ್ರಕ್ಕೆ ಮಾದರಿಯಾದ ಮುಖವೇ ವರ್ಷಗಳು ಕಳೆದ ಮೇಲೆ ಜೂದಾಸನ ಚಿತ್ರಕ್ಕೂ ಮಾದರಿಯಾಗುವ ಕಥೆ ಅದು. ಜೀವಮಾನವೆಲ್ಲ ಮೈಯ ಅಂದವನ್ನು ಕಟ್ಟಿದವರು, ರೂಪ ಎಷ್ಟು ನೆಚ್ಚಿಕೆಗೆಟ್ಟದ್ದೆಂಬುದನ್ನೂ ಬಲ್ಲವರಾಗಿದ್ದರು. ಜಿಮ್ಮಿಗೆ ಹೋಗುವ ಹುಡುಗನ ಮೇಜಿನ ಮೇಲೆ ಆ ಪುಸ್ತಕ ಒಂದಿದ್ದರೆ ಚೆನ್ನು. ಓದಲು ಕನ್ನಡ ಬಂದರೆ, ಎನ್ನಿ!

ಆಡಲು ಬರುತ್ತದೆಂಬ ನಂಬಿಕೆ ಎಷ್ಟು ದೂರ ಒಯ್ಯುತ್ತದೆಂಬುದಕ್ಕೆ ನಮ್ಮ ಹಾಸನ ಜಿಲ್ಲೆಯ ಗಿರೀಶ ಸಾಕ್ಷಿ. ಒಂದು ಕಾಲು ಊನವಾಗಿ ಹುಟ್ಟಿದ ಈತ, 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರ್ ಎತ್ತರ ಹಾರಿ ಬೆಳ್ಳಿಯ ಪದಕ ಗಳಿಸಿದ. ಆ ಕೂಟದಲ್ಲಿ ಭಾರತಕ್ಕೆ ದೊರೆತ ಪದಕ ಅದೊಂದೇ.

ಅಂಥ ಎತ್ತರ ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹುಡುಗಿ ಗುರುವಾರ ಬೆಳಗ್ಗೆ ಹೆದರದೆ ಎದ್ದರೆ ಸಾಕಾಗಿತ್ತು. ನಾವು ಬುದ್ಧಿವಂತಿಕೆಯಿಂದ, 'ನೀನು ಚೆನ್ನಾಗಿಯೇ ಇದ್ದೀಯಮ್ಮ' ಎಂದು ನಾಲ್ಕು ದಿನ ಹೇಳಿ ನೋಡಿದೆವು. ಅವಳು ನಂಬಲಿಲ್ಲ. ಮತ್ತೆ ನೋಟದ ಮಾತೇ ಆಯಿತಲ್ಲ. ದಾರಿ ತೋರಿಸಿದವರು ನಮ್ಮ ತಾಯಿ. ಮಾರ್ಚ್ ತಿಂಗಳ ಒಂದು ಸಂಜೆ ತಾರಸಿಯ ಮೇಲೆ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಬರೆದರು. ಹೆಂಚಿನ ಚೂರು ಈ ಊರಲ್ಲಿ ಎಲ್ಲಿ ಸಿಗಬೇಕು? ಬಚ್ಚಲುಮನೆಯ ಒಡೆದ ಟೈಲ್ಸಿನ ತುಂಡೇ ಬಿಲ್ಲೆಯಾಯಿತು. ಅರವತ್ತೆಂಟು ವರ್ಷದ ಅಜ್ಜಿ ಸೆರಗು ಸಿಕ್ಕಿಸಿ ಬಿಲ್ಲೆ ಎಸೆದು, ಎರಡು ಮನೆ ಕುಂಟಿ, 'ಅಯ್ಯೋ ನನ್ ಮಂಡಿ!' ಎಂದು ಕುಳಿತುಬಿಟ್ಟರು. ಮುಂದಿನದು ಮೊಮ್ಮಗಳ ಪಾಲಿಗೆ ಬಂತು.

ಮೊದಲ ದಿನ ಅವಳು ಮೂರನೆಯ ಮನೆಯಲ್ಲೇ ಕಾಲೂರಿದಳು. ತಾರಸಿಯಲ್ಲಿ ಮೆಟ್ಟಿಲ ಮೇಲೆ ಕುಳಿತ ಹುಡುಗರಿರಲಿಲ್ಲ. ನಗುವವರಿದ್ದರೆ ಅಜ್ಜಿಯೊಬ್ಬರೇ, ಅವರೂ ತಮ್ಮ ಮಂಡಿಯನ್ನು ನೋಡಿಕೊಂಡೇ ನಗುತ್ತಿದ್ದರು. ಒಂದು ವಾರದಲ್ಲಿ ಹುಡುಗಿ ಎಲ್ಲ ಮನೆಗಳನ್ನೂ ದಾಟಿದಳು. ಎದುರು ಮನೆಯ ಪಂಜಾಬಿ ಹುಡುಗಿಯರಿಬ್ಬರು ಇಣುಕಿ ನೋಡಿ, 'ಅರೇ, ಇದು ನಮ್ಮ ಸ್ಟಾಪೂ!' ಎಂದು ಓಡಿ ಬಂದರು. ಅಲ್ಲಿಂದ ಸ್ಕಿಪಿಂಗ್ ಹಗ್ಗ ಬಂತು. ಕೆಳಗಿನ ಮನೆಯ ಆಂಟಿ ಸದ್ದಾಗುತ್ತದೆಂದು ಮೇಲೆ ಬಂದು ಜಗಳವಾಡಿ ಹೋದದ್ದೂ ಆಯಿತು. ಬೇಸಗೆಯ ರಜೆಯಲ್ಲಿ ಬೆಳಗಿನ ಐದೂವರೆಗೆ ಪಾರ್ಕಿನಲ್ಲಿ ಬ್ಯಾಡ್ಮಿಂಟನ್. ನಾವೂ ಹೋದೆವು. ಎರಡನೆಯ ವಾರದಿಂದ ಅವಳ ಎದುರು ನಮಗೆ ಐದು ಪಾಯಿಂಟ್ ದಾಟುವುದು ಕಷ್ಟವಾಯಿತು. ಮಾವನನ್ನು ಸೋಲಿಸಿದ ಹುಡುಗಿಯ ಮುಖದಲ್ಲಿ ಕಂಡ ಗೆಲುವು, ನಾವು ಹೇಳಿದ ಒಂದು ಹೊಗಳಿಕೆಗೂ ಬಂದಿರಲಿಲ್ಲ.

ಜುಲೈ ತಿಂಗಳಿಂದ ಅವಳು ಆಟದ ಪೀರಿಯಡ್‌ಗೆ ಹೋಗುತ್ತಿದ್ದಾಳೆ. ಓಟವೆಂದರೆ ಈಗಲೂ ಬೇಡ. ಯಾರಾದರೂ ಬಣ್ಣದ ಮಾತೆತ್ತಿದ ದಿನ ಈಗಲೂ ಊಟ ಸರಿಯಾಗಿ ಮಾಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಆದರೆ ಮರುದಿನ ರ್‍ಯಾಕೆಟ್ ಹಿಡಿದು ಹೊರಡುತ್ತಾಳೆ. ಹತ್ತನೆಯ ತರಗತಿ, ಬೋರ್ಡ್ ಪರೀಕ್ಷೆ, ಇನ್ನು ಆಟವೇಕೆಂದು ಕೇಳುವ ಹಿತೈಷಿಗಳಿಗೆ ಅಕ್ಕನೇ ಉತ್ತರ ಕೊಡುತ್ತಿದ್ದಾಳೆಂಬುದನ್ನು ನಾವು ಸಂತೋಷದಿಂದ ತಿಳಿಸುತ್ತೇವೆ.

ನಾವು ಹೈಸ್ಕೂಲು ಬಿಟ್ಟ ಮೇಲೆ, 2006-07ರಿಂದ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲಾರಂಭಿಸಿ ಅನೇಕ ವರ್ಷ ನಡೆಸಿತು. ನಮ್ಮ ಕಡೆಯ ಹಳ್ಳಿಗಳ ಹುಡುಗಿಯರು ಸಾಲುಸಾಲಾಗಿ ಪೆಡಲು ತುಳಿದು ಶಾಲೆಗೆ ಹೋಗುವುದನ್ನು ರಜೆಯಲ್ಲಿ ಹೋದಾಗ ಕಾಣುತ್ತಿದ್ದೆವು. ಅದನ್ನು ಯಾರೂ ವ್ಯಾಯಾಮವೆನ್ನಲಿಲ್ಲ, ತೂಕ ಇಳಿಸಲೆಂದೂ ತುಳಿಯಲಿಲ್ಲ. ಶಾಲೆಗೆ ಹೋಗಬೇಕಾಗಿತ್ತು, ತುಳಿದರು. ಪೀತಮ್‌ಪುರದ ಮಕ್ಕಳನ್ನು ನಾವು ಶಾಲೆಯ ವ್ಯಾನಿನಲ್ಲಿ ತುಂಬಿ ಕಳಿಸುತ್ತೇವೆ. ಮೆಟ್ರೊ ನಿಲ್ದಾಣದ ಮೆಟ್ಟಿಲು ಬಿಟ್ಟರೆ ಅವರಿಗೆ ಹತ್ತಲು ಇನ್ನೊಂದಿಲ್ಲ, ಅಲ್ಲಿಯೂ ಎಸ್ಕಲೇಟರ್ ಇದೆ. ಆದಕಾರಣ ಇಲ್ಲಿ ಆಟಕ್ಕೆಂದೇ ಹೊತ್ತನ್ನೂ ಜಾಗವನ್ನೂ ಹೊಂದಿಸಿಕೊಳ್ಳಬೇಕಾಗಿದೆ.

ಅಂಥ ಒಂದು ಏರ್ಪಾಡನ್ನು ನಾವು ಕೆಲವರು ಮಾಡಿಕೊಂಡಿದ್ದೇವೆ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಮ್ಮ ಪಾಕೆಟ್ಟಿನ ಪಾರ್ಕಿನಲ್ಲಿ ಹನ್ನೆರಡರಿಂದ ಹದಿನೇಳರ ಮಕ್ಕಳು ಸೇರುತ್ತಾರೆ. ರೋಹಿಣಿಯಿಂದಲೂ ಶಾಲಿಮಾರ್ ಬಾಗಿನಿಂದಲೂ ಎರಡೆರಡು ಮನೆಯವರು ಬರುತ್ತಿದ್ದಾರೆ. ನಿಯಮಗಳು ಎರಡೇ: ಪಾರ್ಕಿನಲ್ಲಿ ಯಾರ ಮೈಯ ಮಾತನ್ನೂ ಯಾರೂ ಆಡತಕ್ಕದ್ದಲ್ಲ, ಹೊಗಳುವುದಕ್ಕೂ ಕೂಡದು, ಛಾಯಾಚಿತ್ರ ತೆಗೆಯತಕ್ಕದ್ದಲ್ಲ. ಇನ್ನು ಕೆಲವೇ ದಿನಗಳಲ್ಲಿ ಚಳಿಯೊಂದಿಗೆ ಹೊಗೆಯೂ ಇಳಿಯುತ್ತದೆ. ಗಾಳಿಯ ಸೂಚ್ಯಂಕ ಕೆಟ್ಟ ದಿನ ಮಕ್ಕಳನ್ನು ಹೊರಗೆ ಓಡಿಸುವುದು ತಪ್ಪು. ಆ ಭಾನುವಾರಗಳಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಸೋಫಾ ಸರಿಸಿ ಸೂರ್ಯನಮಸ್ಕಾರ ಮಾಡಿಸುತ್ತೇವೆ. ಎಂಟು ಮಂದಿಗೆ ಜಾಗವಾಗುತ್ತದೆ. ಹೆಚ್ಚಾದರೆ ಅಕ್ಕನ ಮನೆಯೂ ಉಂಟು.

ಬರುವವರು ಹಗ್ಗ ತನ್ನಿ. ರ್‍ಯಾಕೆಟ್ಟುಗಳು ನಮ್ಮಲ್ಲಿ ನಾಲ್ಕಿವೆ. ಬಿಲ್ಲೆಗೆಂದು ಒಳ್ಳೆಯ ಹೆಂಚಿನ ಚೂರುಗಳನ್ನು ನಮ್ಮ ತಾಯಿ ಅರಸೀಕೆರೆಯಿಂದ ಒಂದು ಡಬ್ಬಿಯಲ್ಲಿ ಹಾಕಿ ಕಳಿಸಿದ್ದಾರೆ.